ಅರ್ಜಿ ಒಂದೂ ಬಾಕಿ ಇಲ್ಲ

ನಮ್ಮ ಸಂಸ್ಥಾನ ನಕಾಶೆಯಿಂದ ಅಳಿಸಿಹೋಗಿ ಎರಡು ತಲೆಮಾರು ಕಳೆದ ಮೇಲೂ ಅದರ ಕೊತ್ವಾಲರು ಕಾಚಿಗುಡದ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದರು. ಖಜಾನೆಯವರು ಬೇಗಂ ಬಜಾರಿನಲ್ಲಿ ಸ್ಟೀಲ್ ಪಾತ್ರೆಗಳನ್ನು ಸಗಟಾಗಿ ಮಾರುತ್ತಿದ್ದರು. ದಿವಾನರು ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಮನೆಯಲ್ಲಿದ್ದರು. ವರ್ಷವಿಡೀ ಅಬಿಡ್ಸಿನಲ್ಲಿ ಪಠ್ಯಪುಸ್ತಕಗಳ ಅಂಗಡಿ ನಡೆಸುತ್ತಿದ್ದ ನನ್ನ ತಂದೆ ವಿಜಯದಶಮಿಯ ಸಂಜೆ ಪೇಷ್ಕಾರರಾಗುತ್ತಿದ್ದರು. ಪೇಷ್ಕಾರರೆಂದರೆ ಪ್ರಜೆಗಳ ಅರ್ಜಿಗಳನ್ನು ದೊರೆಯ ಮುಂದೆ ಮಂಡಿಸುವ ಅಧಿಕಾರಿ. ಆ ಒಂದು ಸಂಜೆ ನಮ್ಮಲ್ಲಿ ಯಾರೂ ಯಾರನ್ನೂ ಹೆಸರಿನಿಂದ ಕರೆಯುತ್ತಿರಲಿಲ್ಲ. ಹುದ್ದೆಯೇ ಹೆಸರಾಗಿರುತ್ತಿತ್ತು.

ತಿಳಿಯದವರಿಗಾಗಿ ಹೇಳುತ್ತೇನೆ. ನಿಜಾಮರ ಹೈದರಾಬಾದು ಹಲವು ಭಾಷೆ, ಹಲವು ಧರ್ಮಗಳ ವಿಸ್ತಾರವಾದ ರಾಜ್ಯ. ಅದರ ಹೊಟ್ಟೆಯೊಳಗೆ ಅಲ್ಲಲ್ಲಿ ಚಿಕ್ಕ ಚಿಕ್ಕ ಸಂಸ್ಥಾನಗಳಿದ್ದವು. ಕೃಷ್ಣಾ ನದಿಯ ಕಡೆಯ ಕನ್ನಡ ಸೀಮೆಯಲ್ಲಿ ನಮ್ಮದೂ ಒಂದು. ವರ್ಷಕ್ಕೊಮ್ಮೆ ನಗರಕ್ಕೆ ಕಪ್ಪ ಕಳಿಸಿದರೆ ಉಳಿದುದೆಲ್ಲ ತನ್ನದೇ: ತನ್ನದೇ ನ್ಯಾಯಾಲಯ, ತನ್ನದೇ ಪೊಲೀಸು, ತನ್ನದೇ ಸೆರೆಮನೆ, ಗಡಿಯ ಹಳ್ಳದ ದಂಡೆಯಲ್ಲಿ ತನ್ನದೇ ಸುಂಕದ ಕಟ್ಟೆ. ಹೊಲದಲ್ಲಿ ಕನ್ನಡ, ಲೆಕ್ಕದಲ್ಲಿ ಮರಾಠಿ, ನಗರದಿಂದ ಬರುವ ಹುಕುಮುಗಳಲ್ಲಿ ಉರ್ದು. ನಿಜಾಮರ ಅಧಿಕಾರಿ ಕೂಡ ಕೇಳದೆ ಹಳ್ಳ ದಾಟುವಂತಿರಲಿಲ್ಲ ಎಂದು ನಮ್ಮ ಹಿರಿಯರು ಮೀಸೆ ತಿರುವುತ್ತಿದ್ದರು. ಸಂಸ್ಥಾನದ ಕೆಲಸಗಳಿಗಾಗಿ ಹೈದರಾಬಾದಿನಲ್ಲಿ ಬೀಡುಬಿಟ್ಟ ಹುದ್ದೆದಾರರ ಮನೆತನಗಳು, ಸಂಸ್ಥಾನ ಹೋದ ಮೇಲೆ ಇಲ್ಲಿಯೇ ಉಳಿದವು. ನೆಲ ಕರ್ನಾಟಕಕ್ಕೆ ಹೋಯಿತು, ನಾವು ಆಂಧ್ರಕ್ಕೆ ಸೇರಿದೆವು, ಈಗ ತೆಲಂಗಾಣದವರು. ಮನೆ ಬದಲಿಸದೆಯೇ ನಮ್ಮ ರಾಜ್ಯ ಮತ್ತೆ ಮತ್ತೆ ಬದಲಾಯಿತು. ಬದಲಾಗದೆ ಉಳಿದದ್ದು ದಶಮಿಯ ದರ್ಬಾರು.

ಕೋಠಿಯ ಹಿಂದಿನ ಗಲ್ಲಿಯಲ್ಲಿ ಸಂಸ್ಥಾನದ ಹಳೆಯ ಬಿಡಾರವಿತ್ತು. ಅದರಲ್ಲಿ ಈಗ ಉಳಿದಿರುವುದು ಒಂದು ಸಭಾಂಗಣ ಮತ್ತು ಬೀದಿಗಿಳಿಯುವ ಕಲ್ಲಿನ ಮೆಟ್ಟಿಲುಗಳು. ಸಭಾಂಗಣದ ತುದಿಯಲ್ಲಿ ದೊರೆಯ ಗಾದಿ, ಗಾದಿಯ ಮೇಲೆ ಮಡಿಸಿಟ್ಟ, ತಲೆಗೆ ಸುತ್ತುವ ಕೆಂಪು ರುಮಾಲು. ದೊರೆಯ ವಂಶದವರು ಬರುವುದನ್ನು ಯಾವಾಗಲೋ ಬಿಟ್ಟಿದ್ದರು. ಗಾದಿ ಖಾಲಿಯಾಗಿದ್ದುದು ಯಾರಿಗೂ ಕೊರತೆ ಎನಿಸಿರಲಿಲ್ಲ. ಬೆಳ್ಳಿಯ ಕಟ್ಟು ಹಾಕಿದ ಕೋಲು ಹಿಡಿದ ಚೋಪದಾರರು ಹುದ್ದೆಗಳನ್ನು ಒಂದೊಂದಾಗಿ ಕರೆಯುತ್ತಿದ್ದರು. ಕರೆಸಿಕೊಂಡವರು "ಹಾಜರ್" ಎಂದು ಎದ್ದು, ಗಾದಿಯ ಮುಂದೆ ಬನ್ನಿ ಎಲೆಗಳನ್ನಿಟ್ಟು, ತಮ್ಮ ಹುದ್ದೆಗೆ ಗೊತ್ತುಮಾಡಿದ ಒಂದು ವಾಕ್ಯವನ್ನು ಹೇಳಬೇಕು. ದಿವಾನರದು, "ರಾಜ್ಯ ಸುಖದಾಗೈತಿ, ಸರ್ಕಾರ್." ಖಜಾನೆಯವರದು, "ಖಜಾನಿ ತುಂಬೈತಿ, ಸರ್ಕಾರ್." ಕೊತ್ವಾಲರದು, "ಊರು ತಣ್ಣಗೈತಿ, ಸರ್ಕಾರ್." ಇವೆಲ್ಲದರ ನಡುವೆ, ದಿವಾನರ ನಂತರ ಮತ್ತು ಖಜಾನೆಯವರಿಗಿಂತ ಮೊದಲು, ನನ್ನ ತಂದೆಯ ವಾಕ್ಯ: "ಅರ್ಜಿ ಒಂದೂ ಬಾಕಿ ಇಲ್ಲ, ಸರ್ಕಾರ್."

ಚೋಪದಾರರ ವಿಷಯವನ್ನು ಇಲ್ಲಿಯೇ ಹೇಳಬೇಕು. ಅವರು ಹುದ್ದೆಗಳ ಸರಣಿಯನ್ನು ತಮ್ಮ ತಂದೆಯಿಂದ ರಾಗವಾಗಿ ಕಲಿತಿದ್ದರು. ಕಣ್ಣು ಮುಚ್ಚಿಯೇ ಕರೆಯುತ್ತಿದ್ದರು. ನಡುವಿನದೊಂದನ್ನು ಬಿಟ್ಟು ಮುಂದೆ ಹಾರುವುದು ಅವರಿಂದ ಆಗುತ್ತಿರಲಿಲ್ಲ. ಒಮ್ಮೆ ಕರೆಂಟು ಹೋಗಿ ತಡವರಿಸಿದಾಗ ಪುನಃ ದಿವಾನರಿಂದಲೇ ಆರಂಭಿಸಿದ್ದರು. "ಹಾಜರ್" ಎಂದವರು ತಮ್ಮ ವಾಕ್ಯ ಮುಗಿಸುವ ತನಕ ಮುಂದಿನ ಹುದ್ದೆಯನ್ನು ಕರೆಯಬಾರದೆಂಬ ನಿಯಮವೂ ಇತ್ತು. ಯಾವುದಾದರೂ ಮನೆತನದಲ್ಲಿ ಗಂಡಸರು ಇಲ್ಲವಾದರೆ ಅದರ ಮುಂದಿನ ಹುದ್ದೆಯವರು "ಹಾಜರಿಲ್ಲ" ಎಂದು ಹೇಳುತ್ತಿದ್ದರು. ಆಗ ಕರೆ ಮುಂದೆ ಸಾಗುತ್ತಿತ್ತು.

ಹೆಂಗಸರು ಪರದೆಯ ಹಿಂದೆ ಕೂರಬೇಕಿತ್ತು. ನಮ್ಮ ಸೀಮೆಯ ಹೊಲಗಳಲ್ಲಿ ಯಾವ ಹೆಣ್ಣೂ ಪರದೆ ಕಂಡವಳಲ್ಲ. ಅದು ನಗರದ ದೊಡ್ಡಸ್ತಿಕೆಯನ್ನು ನೋಡಿ ಹುದ್ದೆದಾರರು ತಮ್ಮ ಹೆಂಡಿರಿಗೆ ಹೊದಿಸಿದ ಬಟ್ಟೆ. ನನ್ನ ಅವ್ವ ಬನ್ನಿಯ ತಟ್ಟೆಯನ್ನು ಪರದೆಯ ಅಡಿಯಿಂದ ಸರಿಸುತ್ತಿದ್ದಳು, ಅಪ್ಪ ಬಾಗಿ ಎತ್ತಿಕೊಳ್ಳುತ್ತಿದ್ದರು. ಬನ್ನಿ ಆರಿಸುವುದು, ಕಸ ತೆಗೆಯುವುದು, ತಟ್ಟೆ ತಿಕ್ಕುವುದು ಅವ್ವನ ಕೆಲಸ. ಹಾಜರಿ ಅಪ್ಪನದು.

ಮೆಟ್ಟಿಲುಗಳ ಮೇಲೆ ನಿಲ್ಲುವವರು ಬೇರೆ ಇದ್ದರು. ಅವರು ಲಾಯದ ನೀರಿನವರು. ಸಂಸ್ಥಾನದ ಕುದುರೆಗಳಿಗೆ ನದಿಯಿಂದ ನೀರು ಹೊತ್ತ ದಲಿತ ಮನೆತನ. ದೊರೆಯ ವಾಡೆಯ ಬಾವಿಯನ್ನು ಅವರು ಮುಟ್ಟುವಂತಿರಲಿಲ್ಲವಾದ್ದರಿಂದ ಅಷ್ಟು ದೂರದ ನದಿಯಿಂದ ಹೊರಬೇಕಿತ್ತು. ಕುದುರೆ ಕುಡಿಯುವ ನೀರನ್ನು ಅವರು ಮುಟ್ಟಬಹುದಿತ್ತು, ಮನುಷ್ಯರು ಕುಡಿಯುವ ನೀರನ್ನು ಮುಟ್ಟುವಂತಿರಲಿಲ್ಲ. ಈ ಕೆಲಸಕ್ಕೆ ಕೂಲಿ ಇರಲಿಲ್ಲ. ಅದರ ಹೆಸರು ಬಿಟ್ಟಿ. ಚೋಪದಾರರ ರಾಗದಲ್ಲಿ ಅವರಿಗೆ ಕರೆಯೂ ಇರಲಿಲ್ಲ. ದರ್ಬಾರು ಮುಗಿದ ಮೇಲೆ ಯಾರಾದರೊಬ್ಬರು ಬಾಗಿಲಿಗೆ ಬಂದು ನಾಲ್ಕು ಎಲೆ ಕೊಟ್ಟು ಹೋಗುತ್ತಿದ್ದರು.

ನಾನು ಓದಿದ ಶಾಲೆಯಲ್ಲಿ ಮಕ್ಕಳನ್ನು ವೃತ್ತಾಕಾರವಾಗಿ ಕೂರಿಸಿ ಪ್ರಶ್ನೆ ಕೇಳಲು ಕಲಿಸುತ್ತಿದ್ದರು. ಒಂದು ದಶಮಿಯ ದಿನ ಕೋಠಿಯ ಬಸ್ ನಿಲ್ದಾಣದಲ್ಲಿ ಅಪ್ಪನನ್ನು ಕೇಳಿದೆ. "ಅರ್ಜಿ ಯಾಕ ಬಾಕಿ ಇಲ್ಲಪ್ಪ? ಯಾರೂ ಕೊಟ್ಟೇ ಇಲ್ಲೇನು?"

"ಹಂಗ ಅನ್ನೂದು ಪದ್ಧತಿ," ಎಂದರು ಅಪ್ಪ. ಅವರು ಸಾಧು ಮನುಷ್ಯ. ಬಸ್ಸು ಬಂತು, ಹತ್ತಿದೆವು.

ಆಮೇಲಿನ ಬದುಕನ್ನು ನಾನು ಆ ಉತ್ತರದ ವಿರುದ್ಧವೇ ಕಳೆದಿದ್ದೇನೆ. ಮನೆಗೆಲಸದ ಹೆಣ್ಣುಮಕ್ಕಳ ಕೂಲಿಗಾಗಿ, ಪೌರಕಾರ್ಮಿಕರ ಕೈಗವಸಿಗಾಗಿ ಈ ನಗರದ ಎಷ್ಟೋ ಕಚೇರಿಗಳ ಮುಂದೆ ಕುಳಿತಿದ್ದೇನೆ. ನಮ್ಮವರು ಹೆಮ್ಮೆಯಿಂದ ಹೇಳಿಕೊಳ್ಳುವ ಸ್ವಾಯತ್ತತೆಯ ಅರ್ಥ ಆ ಕಚೇರಿಗಳ ಮುಂದೆ ಕುಳಿತಾಗ ನನಗೆ ತಿಳಿಯಿತು. ನ್ಯಾಯಾಧೀಶನೂ ಪೊಲೀಸನೂ ಭೂಮಿಯ ಒಡೆಯನೂ ಒಂದೇ ಮನೆಯಲ್ಲಿ ಉಣ್ಣುತ್ತಿದ್ದರೆ ನೊಂದವನು ಎಲ್ಲಿಗೆ ಹೋಗಬೇಕು? ಮೇಲ್ಮನವಿ ನಗರಕ್ಕೆ ಹೋಗುವಂತಿರಲಿಲ್ಲ, ಏಕೆಂದರೆ ಹಳ್ಳ ದಾಟುವ ಮೊದಲೇ ಅದನ್ನು ಹಿಡಿಯುವ ಹಕ್ಕು ನಮಗಿತ್ತು. ಬಿಟ್ಟಿ ತಪ್ಪಿಸಿಕೊಂಡು ಓಡಿಹೋದವರನ್ನು ಎಳೆದುತರುವ ಹಕ್ಕೂ ನಮ್ಮದೇ. ವಾಡೆಯ ಮದುವೆಗಳಿಗೆ ಊರ ಹೆಂಗಸರನ್ನು ಬೀಸುಕಲ್ಲಿಗೆ ಕೂರಿಸಿದ ಹಕ್ಕು, ಎದ್ದುಹೋದವಳ ಗಂಡನನ್ನು ಸೆರೆಗೆ ಹಾಕಿದ ಹಕ್ಕು, ಎಲ್ಲವೂ ನಮ್ಮದೇ. ನಿಜಾಮರ ಕೊನೆಯ ದಿನಗಳಲ್ಲಿ ಸುಟ್ಟ ನಮ್ಮ ಮನೆಗಳ ಕಥೆಯನ್ನು ದರ್ಬಾರಿನಲ್ಲಿ ಎಲ್ಲರೂ ಹೇಳುತ್ತಾರೆ. ನಿಜಾಮರ ಆಳ್ವಿಕೆ ಬಿದ್ದ ಮೇಲಿನ ವಾರಗಳಲ್ಲಿ ನಮ್ಮ ಊರುಗಳ ಮುಸಲ್ಮಾನ ನೆರೆಯವರಿಗೆ ಏನಾಯಿತೆಂಬುದನ್ನು ಒಬ್ಬರೂ ಹೇಳುವುದಿಲ್ಲ. ಅದೂ ಬಾಕಿ ಇರುವ ಅರ್ಜಿಯೇ.

ಕಾಲೇಜು ಸೇರಿದ ವರ್ಷದಿಂದ ನಾನು ಪರದೆಯ ಹಿಂದೆ ಕೂರಲಿಲ್ಲ. ಮೆಟ್ಟಿಲುಗಳ ಮೇಲೆ ನಿಲ್ಲುತ್ತಿದ್ದೆ. ಲಾಯದ ನೀರಿನವರ ಮಗಳು, ಆಗಷ್ಟೇ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದವರು, ನನ್ನ ಪಕ್ಕದಲ್ಲಿರುತ್ತಿದ್ದರು. ಅವರನ್ನು ನಾನು ಟೀಚರ್ ಎಂದೇ ಕರೆಯುತ್ತೇನೆ. ಈ ಅವಮಾನಕ್ಕೆ ಪ್ರತಿ ವರ್ಷವೂ ಏಕೆ ಬರುತ್ತೀರೆಂದು ಒಮ್ಮೆ ಕೇಳಿದ್ದೆ.

"ನಾ ಬರದಿದ್ರ ಇವರು, ನಾವು ಎಲ್ಲಾರಿಗೂ ಪಗಾರ ಕೊಡ್ತಿದ್ವಿ ಅಂತ ಹೇಳ್ಕೋತ ಅಡ್ಡಾಡ್ತಾರ," ಎಂದರು ಟೀಚರ್. "ನಾ ಇಲ್ಲಿ ನಿಂತ್ರ ಸ್ವಲ್ಪರೆ ತೊದಲ್ತಾರ."

ಹೀಗೆ ನಾವಿಬ್ಬರೂ ತಲೆ ನರೆಯುವವರೆಗೆ ಅಲ್ಲಿ ನಿಂತೆವು. ಟೀಚರ್ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದರು. ನನ್ನ ತಂದೆ ತೀರಿಕೊಂಡರು. ನನಗೆ ಅಣ್ಣತಮ್ಮಂದಿರಿಲ್ಲ.

ಅಪ್ಪ ಹೋದ ಮೇಲಿನ ಮೊದಲ ದಶಮಿಗೆ ಅವ್ವ ಬಂದಳು. ಬರುವುದು ಬೇಡವೆಂದು ನಾನು ಹೇಳಿದ್ದೆ. ಅವಳು ಬೆಳಗ್ಗೆಯೇ ಬನ್ನಿ ತರಿಸಿ ಆರಿಸಿಟ್ಟಿದ್ದಳು. ಪರದೆಯ ಹಿಂದೆ ತನ್ನ ಎಂದಿನ ಜಾಗದಲ್ಲಿ ಕುಳಿತಳು. ಚೋಪದಾರರು, "ಪೇಷ್ಕಾರ್ರು ಹಾಜರ್ ಅದಾರೇನ್ರಿ?" ಎಂದು ಕರೆದಾಗ, ಪರದೆಯ ಅಡಿಯಿಂದ ತಟ್ಟೆ ಹೊರಕ್ಕೆ ಸರಿಯಿತು. ಐವತ್ತು ವರ್ಷಗಳ ರೂಢಿ ಅವಳ ಕೈಯಲ್ಲಿತ್ತು. ಎತ್ತಿಕೊಳ್ಳಲು ಯಾರೂ ಬಾಗಲಿಲ್ಲ. ಖಜಾನೆಯವರು ಆ ತಟ್ಟೆಯನ್ನು ನೋಡುತ್ತಲೇ, "ಹಾಜರಿಲ್ಲ," ಎಂದರು. ಕರೆ ಮುಂದೆ ಸಾಗಿತು. ಸ್ವಲ್ಪ ಹೊತ್ತಿನ ನಂತರ ತಟ್ಟೆ ಮೆಲ್ಲಗೆ ಹಿಂದಕ್ಕೆ ಸರಿದು ಕಾಣದಾಯಿತು. ಮೆಟ್ಟಿಲ ಮೇಲೆ ಟೀಚರ್ ನನ್ನ ಮೊಣಕೈ ಹಿಡಿದುಕೊಂಡರು. ಹಿಡಿಯದಿದ್ದರೆ ನಾನು ಒಳಗೆ ನುಗ್ಗುತ್ತಿದ್ದೆ.

ಆಟೋದಲ್ಲಿ ಅವ್ವ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಬೀದಿಯಲ್ಲೆಲ್ಲ ತೆಲುಗಿನವರು ಜಮ್ಮಿ ಎಂದು ಅದೇ ಎಲೆಯನ್ನು ಒಬ್ಬರಿಗೊಬ್ಬರು ಕೊಟ್ಟು ಅಪ್ಪಿಕೊಳ್ಳುತ್ತಿದ್ದರು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅವ್ವ ಹೇಳಿದಳು, "ನಾ ಅಲ್ಲೇ ಕುಂತಿದ್ನಲ್ಲ."

ಮರುವರ್ಷದ ದಶಮಿಗೆ ತಿಂಗಳೊಪ್ಪತ್ತು ಇರುವಾಗ ನಾನು ದಿವಾನರ ಮನೆಗೆ ಹೋದೆ. ಸಂಬಂಧದಲ್ಲಿ ಅವರು ನನಗೆ ಕಾಕಾ, ಅವ್ವ ಅವರಿಗೆ ವೈನಿ, ಅಂದರೆ ಅತ್ತಿಗೆ. ನನ್ನೆದುರು ಅವಲಕ್ಕಿ ಇಟ್ಟು, ಎಲ್ಲಿ ಧರಣಿ ನಡೆಸಿದ್ದೀ ಈಗ ಎಂದು ನಗೆಯಾಡಿದರು.

"ಕಾಕಾರ, ಅವ್ವ ಅಲ್ಲೇ ಕುಂತಿದ್ಲು. ಹಾಜರಿಲ್ಲ ಅಂತ ಯಾಕ ಅಂದ್ರಿ?"

"ಮನಿ ಹಾಜರಿಲ್ಲ ಅಂದ್ವಿ, ತಂಗಿ. ವೈನಿಯವರಿಗೆ ಯಾರು ಏನಂದ್ರು?"

"ಅವ್ವ ಮನಿ ಅಲ್ಲೇನ್ರಿ?"

"ಗಂಡುಮಗ ಇಲ್ಲದ ಮನಿ ಹುದ್ದೆ ಖಾಲಿ. ಸಂಸ್ಥಾನದ ಕಾನೂನು. ನಾ ಬರೆದದ್ದಲ್ಲ."

"ಸಂಸ್ಥಾನ ಎಲ್ಲೈತ್ರಿ ಈಗ?"

ದಿವಾನರು ಬೆರಳಿಗಂಟಿದ ಅವಲಕ್ಕಿಯನ್ನು ಒರೆಸಿಕೊಂಡರು. "ಇಲ್ಲದ್ದನ್ನ ಕೇಳಾಕ ಇಷ್ಟು ದೂರ ಎರಡು ಬಸ್ ಬದಲಿ ಮಾಡಿ ಯಾರು ಬರ್ತಾರ, ತಂಗಿ?"

ಅವರೇ ಒಂದು ಪರಿಹಾರ ಮುಂದಿಟ್ಟರು. ವಿಶಾಖಪಟ್ಟಣದಲ್ಲಿರುವ ನಮ್ಮ ದಾಯಾದಿಯ ಮೊಮ್ಮಗ ವರ್ಷಕ್ಕೊಮ್ಮೆ ಬಂದು ಗಾದಿಯ ಮುಂದೆ ನಿಲ್ಲಲಿ, ಪೇಷ್ಕಾರಿಕೆ ಉಳಿಯುತ್ತದೆ. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಕಡಲೆಬೇಳೆ ಆರಿಸುತ್ತಿದ್ದಳು.

"ಅವಂಗ ಕನ್ನಡ ಬರೂದಿಲ್ಲಲ್ಲ. ಹಾಜರ್ ಅನ್ನೂದೊಂದು ಗಿಳೀಗೆ ಕಲಿಸಿದಂಗ ಕಲಿಸಬೇಕು. ಗಿಳೀನ ತರಿಸ್ರಿ ಅನ್ನು, ಖರ್ಚು ಕಡಿಮಿ."

ನಾನು ಉತ್ಸಾಹದಿಂದ ನನ್ನ ಯೋಜನೆ ಬಿಚ್ಚಿದೆ. ಎಲ್ಲ ಮನೆತನಗಳ ಹೆಂಗಸರನ್ನು ಒಟ್ಟುಗೂಡಿಸೋಣ, ಪರದೆ ತೆಗೆಯಿರೆಂದು ಒತ್ತಾಯಿಸೋಣ, ಬಾಗಿಲಲ್ಲಿ ಫಲಕ ಹಿಡಿದು ನಿಲ್ಲೋಣ. ಇಂಥ ದರ್ಬಾರು ನಡೆಯುವುದೇ ಒಂದು ಅನ್ಯಾಯ ಎಂದೂ ಸೇರಿಸಿದೆ.

"ನಿನ್ನ ಮೋರ್ಚಾದಾಗ ನನ್ನನ್ನ ಒಂದು ಬೋರ್ಡ್ ಮಾಡಿ ಹಿಡೀಬ್ಯಾಡ," ಎಂದಳು ಅವ್ವ. "ದರ್ಬಾರು ಬೇಕೋ ಬ್ಯಾಡೋ ನೀ ಆಮ್ಯಾಲ ನೋಡ್ಕೋ. ಕುಂತಿದ್ದಾಕಿನ್ನ ಇಲ್ಲ ಅಂದ್ರಲ್ಲ, ನಂದು ಅದೊಂದ ಐತಿ."

ಅದನ್ನು ಅವಳು ಹೇಗೆ ಸರಿಪಡಿಸುತ್ತಾಳೆಂದು ನನಗೆ ಹೇಳಲಿಲ್ಲ. ನಾನು ಎಲ್ಲವನ್ನೂ ಕೆಡವಬೇಕೆನ್ನುವವಳು, ಅವಳು ಅದರೊಳಗೆ ತನ್ನ ಜಾಗಕ್ಕೆ ಹೋಗಿ ಕೂರಬೇಕೆನ್ನುವವಳು. ಈ ವಿಷಯದಲ್ಲಿ ನಾವಿಬ್ಬರೂ ಒಂದೇ ಪಕ್ಷದವರೆಂದು ಆ ತಿಂಗಳಲ್ಲಿ ನನಗೆ ಅನ್ನಿಸಿರಲಿಲ್ಲ.

ದಶಮಿಯ ಬೆಳಗ್ಗೆ ಹೋಳಿಗೆ ಲಟ್ಟಿಸುತ್ತಾ ಅವ್ವ ಇದ್ದಕ್ಕಿದ್ದಂತೆ, "ಅರ್ಜಿ ಒಂದೂ ಬಾಕಿ ಇಲ್ಲ, ಸರ್ಕಾರ್," ಎಂದಳು. ಅಪ್ಪನ ಧಾಟಿಯಲ್ಲಿಯೇ ಇತ್ತು. ಇನ್ನೊಂದು ಸಲ ಹೇಳಲು ಹೋಗಿ ನಿಲ್ಲಿಸಿದಳು.

"ಇಷ್ಟು ವರ್ಷ ಕಿವೀಲೆ ಕೇಳಿದ್ದು. ಬಾಯಾಗ ಹಾಕ್ಕೊಂಡ್ರ ರುಚಿ ಬ್ಯಾರೆ ಐತಿ," ಎಂದು ಲಟ್ಟಣಿಗೆಯನ್ನು ಮತ್ತೆ ಕೈಗೆತ್ತಿಕೊಂಡಳು.

ಸಂಜೆ ಸಭಾಂಗಣ ತುಂಬಿತ್ತು. ನಾನೂ ಟೀಚರೂ ಮೆಟ್ಟಿಲ ಮೇಲಿದ್ದೆವು. ಚೋಪದಾರರು ಕಣ್ಣು ಮುಚ್ಚಿ ಕೋಲನ್ನು ನೆಲಕ್ಕೆ ಕುಟ್ಟಿದರು. ದಿವಾನರು ಹಾಜರಾದರು, ರಾಜ್ಯ ಸುಖವಾಗಿದೆಯೆಂದರು, ಹಿಂದೆ ಸರಿದರು.

"ಪೇಷ್ಕಾರ್ರು ಹಾಜರ್ ಅದಾರೇನ್ರಿ?"

ಖಜಾನೆಯವರು ಗಂಟಲು ಸರಿಪಡಿಸಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಪರದೆಯ ಹಿಂದಿನಿಂದ ಮಾತು ಬಂತು. "ಹಾಜರ್ ಅದೀನ್ರಿ."

ಅದು ಕೂಗಾಗಿರಲಿಲ್ಲ. ಗ್ಯಾಸ್ ಸಿಲಿಂಡರ್ ತಂದವನಿಗೆ ಅಡುಗೆಮನೆಯಿಂದ ಓಗೊಡುವ ದನಿ. ಸಭೆ ತಿರುಗಿ ಪರದೆಯನ್ನು ನೋಡಿತು. ದಿವಾನರು ಕೈಬೀಸಿ, "ಮುಂದ ನಡೀಲಿ, ಚೋಪದಾರ್ರ," ಎಂದರು.

ಚೋಪದಾರರು ಕಣ್ಣು ತೆರೆದರು. "ಹ್ಯಾಂಗ ನಡೀತೈತ್ರಿ? ಹಾಜರ್ ಅಂದಾರಲ್ಲ."

"ಖಜಾನೀ ಕರೀರಿ ಅಂತ ನಾ ಹೇಳಾಕತ್ತೀನಿ."

ಮುದುಕರು ವಿಧೇಯರಾಗಿ ಕಣ್ಣು ಮುಚ್ಚಿ ಪ್ರಯತ್ನಿಸಿದರು. ಖಜಾನೆ ಬಾಯಿಗೆ ಬರಲೇ ಇಲ್ಲ. ಕೋಲು ಕುಟ್ಟಿ ಮೊದಲಿನಿಂದ ಹಿಡಿದರು. "ದಿವಾನ್ರು ಹಾಜರ್ ಅದಾರೇನ್ರಿ?"

"ಈಗಷ್ಟ ಹೇಳೀನಲ್ಲೋ ಮಾರಾಯ!"

"ರೆಕಾರ್ಡ್ ಸಿಕ್ಕೊಂಡೈತ್ರಿ ದಿವಾನ್ರ," ಎಂದರು ಕೊತ್ವಾಲರು ಹಿಂದಿನಿಂದ. "ಹಾಜರ್ ಅಂದು ಬಿಡ್ರಿ, ಊಟಕ್ಕ ಹೊತ್ತಾತು."

ದಿವಾನರು ಎರಡನೆಯ ಸಲ ಹಾಜರಾಗಿ, ಎರಡನೆಯ ಸಲ ರಾಜ್ಯವನ್ನು ಸುಖದಲ್ಲಿಡಬೇಕಾಯಿತು. ಸಭೆಯ ನಗೆಯ ನಡುವೆಯೇ ರಾಗ ಎಲ್ಲಿಗೆ ಬರಬೇಕೋ ಅಲ್ಲಿಗೆ ಬಂತು. "ಪೇಷ್ಕಾರ್ರು ಹಾಜರ್ ಅದಾರೇನ್ರಿ?"

"ಹಾಜರ್ ಅದೀನ್ರಿ. ಮೊಣಕಾಲು ಹಿಡಿದಾವ, ಸ್ವಲ್ಪ ತಡೀರಿ. ಬರಾಕತ್ತೀನಿ."

ಪರದೆ ಒಂದು ಬದಿಗೆ ಸರಿಯಿತು. ಪಕ್ಕದಲ್ಲಿದ್ದ ಹೆಂಗಸರು ಅವಳನ್ನು ಹಿಡಿದು ಎಬ್ಬಿಸಿದರು. ಎಬ್ಬಿಸಿದವರಲ್ಲಿ ಖಜಾನೆಯವರ ಹೆಂಡತಿಯೂ ಇದ್ದರು, ಇದನ್ನು ನಾನು ದಾಖಲಿಸಲೇಬೇಕು. ಅವ್ವ ತಟ್ಟೆ ಹಿಡಿದು ಗಂಡಸರ ಸಾಲಿನ ನಡುವಿನಿಂದ ನಡೆದು ಗಾದಿಯ ಮುಂದೆ ಬನ್ನಿ ಇಟ್ಟಳು. ಕೆಂಪು ರುಮಾಲನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಧೂಳು ಕೂತಿದೆಯೇ ಎಂದು ಪರೀಕ್ಷಿಸುವಂತೆ ಒಂದು ಕ್ಷಣ ನೋಡಿದಳು. ಅವಳಿಗೆ ಬೇಕಾಗಿದ್ದುದು ಸಿಕ್ಕಿತೆಂದು ನಾನು ಭಾವಿಸಿದೆ. ಅಪ್ಪನ ವಾಕ್ಯವನ್ನು ಹೇಳಿ ಹಿಂದಿರುಗುತ್ತಾಳೆ, ನನಗೆ ಅಷ್ಟಕ್ಕೇ ತೃಪ್ತಿಪಡಬೇಕಾಗುತ್ತದೆ.

"ಅರ್ಜಿ ಬಾಕಿ ಅದಾವ, ಸರ್ಕಾರ್," ಎಂದಳು ಅವ್ವ.

ದಿವಾನರು ಮೆಲ್ಲಗೆ ಎಚ್ಚರಿಸಿದರು. "ವೈನೀ, ಮಾತು ಹಂಗಿಲ್ರಿ."

"ಹ್ಯಾಂಗೈತಿ ನಂಗೊತ್ತೈತ್ರಿ. ಐವತ್ತು ವರ್ಷ ಪರದಾದಾಗ ಕುಂತು ಕೇಳೀನಿ. ಪೇಷ್ಕಾರ್ರು ಅಂತ ಕರದ್ರಿ, ನಾ ಬಂದೆ. ಅರ್ಜಿ ಮುಂದಿಡೂದು ಆ ಹುದ್ದೆ ಕೆಲಸ ಅಲ್ಲೇನ್ರಿ?"

"ಏನ್ರಿ ಅಂಥಾ ಅರ್ಜಿ?"

"ಒಂದು ನಂದು. ಕುಂತಾವ್ರನ್ನ ಇಲ್ಲ ಅನಬ್ಯಾಡ್ರಿ." ಅವಳು ಬಾಗಿಲ ಕಡೆ ತಿರುಗಿದಳು. "ಇನ್ನೊಂದು ಅಲ್ಲಿ ಮೆಟ್ಟಲ ಮ್ಯಾಲ ನಿಂತೈತಿ. ಅದನ್ನ ಅವರ ಹೇಳಬೇಕು. ನಾ ಹೇಳಿದ್ರ, ನಮ್ಮನಿಯವರು ಇಷ್ಟು ವರ್ಷ ಅವರ ಬದಲಿಗೆ ಹೇಳಿದಂಗ ಆಗ್ತೈತಿ."

ಸಭೆಯ ಅಷ್ಟೂ ಮುಖಗಳು ಬಾಗಿಲಿಗೆ ತಿರುಗಿದವು. ಯಾರೋ, "ಬರ್ರಿ ಟೀಚರ್, ಒಳಗ ಬರ್ರಿ," ಎಂದರು. ತಲೆಮಾರುಗಳಿಂದ ಬಾರದ ಆಹ್ವಾನ ಅಷ್ಟು ಸಲೀಸಾಗಿ ಬಂದುಬಿಟ್ಟಿತು. ಟೀಚರ್ ಸೆರಗು ಸರಿಮಾಡಿಕೊಂಡರು. ಅಲುಗಲಿಲ್ಲ.

"ಒಳಗ ಬಂದ್ರ ನಾನೂ ನಿಮ್ಮಂಥಾಕಿ ಆಗಿ ಸುಮ್ಮ ಕುಂದರ್ತೀನಿ. ನಾ ಇಲ್ಲೇ ಹೇಳ್ತೀನ್ರಿ. ಕೇಳಾವ್ರು ಬರ್ರಿ."

ಮೊದಲು ಹೊರಟವಳು ಅವ್ವ, ತಟ್ಟೆಯಲ್ಲಿ ಉಳಿದ ಬನ್ನಿಯೊಂದಿಗೆ. ಅವಳ ಹಿಂದೆ ಚೋಪದಾರರು. ಪೇಷ್ಕಾರರ ವಾಕ್ಯ ಇನ್ನೂ ಮುಗಿದಿಲ್ಲವೆಂಬುದು ಅವರ ಲೆಕ್ಕ. ಅದು ಎಲ್ಲಿ ಮುಗಿಯುವುದೋ ಅಲ್ಲಿಗೆ ಕೋಲು ಹೋಗಬೇಕು. ಕೋಲು ಹೋದಲ್ಲಿಗೆ ಹೋಗಿ ರೂಢಿಯಾದ ಜನ ಎದ್ದರು. ಹೆಂಗಸರು ಪರದೆಯನ್ನು ಕಂಬಕ್ಕೆ ಸಿಕ್ಕಿಸಿ ಬಂದರು. ದಿವಾನರು ಗಾದಿಯ ಪಕ್ಕದಲ್ಲಿಯೇ ನಿಂತರು. ಅವರೊಂದಿಗೆ ಇನ್ನೂ ಕೆಲವರು ನಿಂತರು.

ಟೀಚರ್ ತರಗತಿಯಲ್ಲಿ ಪಾಠ ಹೇಳುವಂತೆ ಹೇಳಿದರು. ತಮ್ಮ ಅಜ್ಜಿ ಬಸುರಿಯಾಗಿದ್ದಾಗಲೂ ಕೊಡ ಇಳಿಸಲು ಬಿಡಲಿಲ್ಲವೆಂದರು. ಕೊಡವೂ ಅಜ್ಜಿಯದೇ, ಒಡೆದರೆ ಹೊಸದನ್ನೂ ಅವಳೇ ತರಬೇಕಿತ್ತೆಂದರು. ಬೇಸಿಗೆಯಲ್ಲಿ ಲಾಯದ ತೊಟ್ಟಿಯಲ್ಲಿ ಕುದುರೆ ಬಿಟ್ಟ ನೀರನ್ನು ಮಕ್ಕಳಿಗೆ ಒಯ್ದಾಗ ಕಾವಲುಗಾರ ಚೆಲ್ಲಿಸಿದನೆಂದರು. ತಾತ ದೂರು ಹೇಳಲು ವಾಡೆಯ ಬಾಗಿಲಿಗೆ ಹೋದರೆ, ಅರ್ಜಿಯನ್ನು ಪೇಷ್ಕಾರರ ಕೈಗೆ ಕೊಡು ಎಂದರಂತೆ. ಪೇಷ್ಕಾರರ ಮನೆಯ ಕಟ್ಟೆ ಹತ್ತುವಂತಿರಲಿಲ್ಲವಂತೆ. ಇದನ್ನು ಹೇಳುವಾಗ ಟೀಚರ್ ನನ್ನನ್ನಾಗಲಿ ಅವ್ವನನ್ನಾಗಲಿ ನೋಡಲಿಲ್ಲ. ನಾವು ತಲೆ ತಗ್ಗಿಸಲಿಲ್ಲ, ತಗ್ಗಿಸುವುದು ಸುಲಭವಾಗಿತ್ತು. ಬಿಟ್ಟಿ ಎಂಬ ಮಾತನ್ನು ಆ ಬಿಡಾರದ ಕಲ್ಲುಗಳ ಮೇಲೆ ಜೋರಾಗಿ ಹೇಳಿದ್ದು ಅಂದೇ ಮೊದಲು. "ಒಂದು ದಿನದ ಕೂಲೀನೂ ಕೊಟ್ಟಿಲ್ಲ," ಎಂದು ಟೀಚರ್ ಮುಗಿಸಿದರು.

ಅವ್ವ ಎಲೆಗಳನ್ನು ಎರಡೂ ಕೈಯಲ್ಲಿ ಎತ್ತಿ ಅವರಿಗೆ ಕೊಟ್ಟಳು. ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನುವ ಮಾತನ್ನು ಅವಳು ಆಡಲಿಲ್ಲ. ಟೀಚರ್ ಕೂಡ ಎಲೆಗಳನ್ನು ಹಣೆಗೆ ಒತ್ತಿಕೊಳ್ಳಲಿಲ್ಲ, ಕೈಯಲ್ಲಿ ಹಿಡಿದು ನಿಂತರು.

"ಅರ್ಜಿ ಮುಂದಿಟ್ಟೀನ್ರಿ," ಎಂದಳು ಅವ್ವ ಚೋಪದಾರರಿಗೆ. "ನಿಮ್ಮದು ನಡೀಲಿ."

ಅವರ ಮುಖಕ್ಕೆ ನೆಮ್ಮದಿ ಬಂತು. ಕಣ್ಣು ಮುಚ್ಚಿ, ಅಲ್ಲಿಯೇ ಮೆಟ್ಟಿಲ ಕಲ್ಲಿಗೆ ಕೋಲು ಕುಟ್ಟಿ, ರಾಗದ ಮುಂದಿನ ಸಾಲನ್ನು ಹಿಡಿದರು. "ಖಜಾನೇರು ಹಾಜರ್ ಅದಾರೇನ್ರಿ?"

ಖಜಾನೆಯವರು ನಮ್ಮ ನಡುವೆಯೇ, ಟೀಚರ್‌ಗಿಂತ ಎರಡು ಮೆಟ್ಟಿಲು ಮೇಲೆ ನಿಂತಿದ್ದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. "ಹಾಜರ್," ಎಂದರು. ಬನ್ನಿ ಇಡಲು ಗಾದಿಗಾಗಿ ಹುಡುಕಿ, ಕಾಣದೆ, ಎಲೆಗಳನ್ನು ಕೈಯಲ್ಲಿಯೇ ಹಿಡಿದುಕೊಂಡರು. ಟೀಚರ್ ತಲೆಯೆತ್ತಿ ಅವರನ್ನೇ ನೋಡುತ್ತಿದ್ದರು.

"ಖಜಾನಿ..." ಎಂದರು ಖಜಾನೆಯವರು.

ತುಂಬೈತಿ ಎಂಬ ಮುಂದಿನ ಪದ ಬರಲಿಲ್ಲ. ಚೋಪದಾರರು ಕಣ್ಣು ಮುಚ್ಚಿಕೊಂಡೇ ಕಾದರು. ನಾವೂ ಕಾದೆವು.